ಹಾಡುವವರ ಬಾಯಲ್ಲಿ ಇಲಾಖೆಯ ಸಾಲು

1857ರ ದಂಗೆಯನ್ನು ಅಡಗಿಸಲು ತಗುಲಿದ ವೆಚ್ಚದಿಂದ ಬರಿದಾಗಿದ್ದ ಬೊಕ್ಕಸವನ್ನು ತುಂಬಿಸಲು ಜೇಮ್ಸ್ ವಿಲ್ಸನ್ 1860ರಲ್ಲಿ ಭಾರತಕ್ಕೆ ಆದಾಯ ತೆರಿಗೆಯನ್ನು ತಂದರು. ವರ್ಷಕ್ಕೆ 200 ರೂಪಾಯಿಯಿಂದ 500 ರೂಪಾಯಿಯೊಳಗೆ ಆದಾಯವಿದ್ದವರಿಗೆ ಶೇ 2, ಅದಕ್ಕೆ ಮೇಲ್ಪಟ್ಟವರಿಗೆ ಶೇ 4. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಷ್ಟನ್ನು ಓದಿಯೇ ಇರುತ್ತಾರೆ. ಆ ತೆರಿಗೆಯ ಮೇಲೆ ಕನ್ನಡದಲ್ಲಿ ಒಂದು ಲಾವಣಿಯೂ ಹುಟ್ಟಿತ್ತು ಎಂಬುದು ಅವರ ಪಠ್ಯದಲ್ಲಿ ಇರುವುದಿಲ್ಲ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್. ಸಂಗೊಳ್ಳಿ ರಾಯಣ್ಣನ ಮತ್ತು ಹಲಗಲಿ ಬೇಡರ ಲಾವಣಿಗಳನ್ನು ಬರೆದಿಟ್ಟವರೂ ಅವರೇ. ಫ್ಲೀಟ್ ಅವರನ್ನು ನಾವು ಶಾಸನತಜ್ಞರೆಂದು ನೆನೆಯುತ್ತೇವೆ. ವೃತ್ತಿಯಿಂದ ಅವರು ಮುಂಬೈ ಪ್ರಾಂತ್ಯದ ಸಿವಿಲ್ ಸರ್ವಿಸ್ ಅಧಿಕಾರಿ. ತಮಗೆ ಸಂಬಳ ಕೊಡುತ್ತಿದ್ದ ಸರ್ಕಾರದ ವಿರುದ್ಧ ಎದ್ದವರ ಹಾಡನ್ನೂ, ಅದು ಹೇರಿದ ತೆರಿಗೆಯ ಹಾಡನ್ನೂ ಅವರು ಕೂತು ಕೇಳಿ ಬರೆದುಕೊಂಡರು. ಅವರಲ್ಲಿ ಅನುಕಂಪ ಇತ್ತೋ ಇಲ್ಲವೋ, ಕೇಳುವ ವ್ಯವಧಾನವಂತೂ ಇತ್ತು.

ಸ್ವತಂತ್ರ ಭಾರತದ ಆಡಳಿತಕ್ಕೆ ಈ ವ್ಯವಧಾನ ಕಡಿಮೆಯಾಗುತ್ತ ಬಂದಿದೆ ಎನ್ನುವುದು ನನ್ನ ದೂರು. ಹಾಡುವವರನ್ನು ನಾವು ನಿಷೇಧಿಸಲಿಲ್ಲ, ಜೈಲಿಗೂ ಅಟ್ಟಲಿಲ್ಲ. ಅವರನ್ನು ಬಾಡಿಗೆಗೆ ಹಿಡಿದೆವು. 1954ರಲ್ಲಿ ಕೇಂದ್ರ ಸರ್ಕಾರ ಗೀತ ಮತ್ತು ನಾಟಕ ವಿಭಾಗವನ್ನು ಆರಂಭಿಸಿತು. ಮುಂದೆ ರಾಜ್ಯದ ಇಲಾಖೆಗಳೂ ಅದೇ ಹಾದಿ ಹಿಡಿದವು. ಬ್ರಿಟಿಷರ ವಿರುದ್ಧ ಹಾಡಿದ ಗೀಗೀ ಮೇಳದ ಡಪ್ಪು ಮತ್ತು ತುಂತುಣಿ ಕುಟುಂಬ ಯೋಜನೆಗೆ, ಸಣ್ಣ ಉಳಿತಾಯಕ್ಕೆ, ಶೌಚಾಲಯಕ್ಕೆ ದನಿಗೂಡಿಸಿದವು. ಇವೆಲ್ಲ ಒಳ್ಳೆಯ ಉದ್ದೇಶಗಳೇ. 1990ರ ದಶಕದ ಸಾಕ್ಷರತಾ ಜಾಥಾಗಳಲ್ಲಿ ಹಾಡು ಮಾಡಿದ ಕೆಲಸವನ್ನು ಸುತ್ತೋಲೆಗಳು ಮಾಡಲಾರವು ಎಂಬುದನ್ನು ನಾನೇ ಕಂಡಿದ್ದೇನೆ. ಆದರೆ ಕಲಾ ಜಾಥಾ ಎಂದರೆ ಹಾಡಿನ ಸಾಹಿತ್ಯ ಕಚೇರಿಯಿಂದ ಬರುತ್ತದೆ, ಗೌರವಧನ ಖಜಾನೆಯಿಂದ ಬರುತ್ತದೆ, ಮೇಳದವರಿಂದ ಬರಬೇಕಾದದ್ದು ಕಂಠ ಮಾತ್ರ.

ಸುಮಾರು 20 ವರ್ಷಗಳ ಹಿಂದೆ ಸಿರವಾರದ ಸಮೀಪದ ಹಳ್ಳಿಯೊಂದರಲ್ಲಿ ಇಂತಹ ಜಾಥಾಕ್ಕೆ ಹೋಗಿದ್ದೆ. ಆಗಿನ್ನೂ ಸಿರವಾರ ಮಾನ್ವಿ ತಾಲ್ಲೂಕಿನ ಹೋಬಳಿ. ತಾಲ್ಲೂಕಿನ ಪಟ್ಟ ಸಿಕ್ಕಿದ್ದು 2018ರಲ್ಲಿ. ಮೇಳದವರು ಯೋಜನೆಗಳ ಗುಣಗಾನವನ್ನು ಚೊಕ್ಕವಾಗಿ ಮುಗಿಸಿದರು. ಜನ ಶೇಂಗಾ ಸುಲಿಯುತ್ತ ಕೇಳಿದರು. ಮೈಕ್ ಕಳಚುವ ಹೊತ್ತಿಗೆ ಮೇಳದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, ‘ಸಾಹೇಬ್ರ, ಇದು ನಿಮ್ಮ ಹಾಡಾತು. ನಮ್ಮದೊಂದು ಕೇಳಿ ಹೋಗ್ರಿ’ ಎಂದರು. ಅವರ ಹಾಡಿನಲ್ಲಿ ತುಂಗಭದ್ರೆಯ ನೀರು ಮದುಮಗಳು. ಅಣೆಕಟ್ಟೆಯ ತವರಿನಿಂದ ದಿಬ್ಬಣ ಹೊರಡುತ್ತದೆ. ದಾರಿಯಲ್ಲಿ ಸಿಕ್ಕ ಪ್ರತಿ ಊರಿನ ದೊಡ್ಡವರೂ ಅಡ್ಡಗಟ್ಟಿ, ಒಂದು ರಾತ್ರಿ ಇದ್ದು ಹೋಗು ಎಂದು ಉಪಚಾರ ಮಾಡುತ್ತಾರೆ. ಪೈಪು ಹಚ್ಚಿದವನೊಬ್ಬ ಮದುಮಗಳ ಸೆರಗನ್ನೇ ಹಿಡಿದು ಕೂರುತ್ತಾನೆ. ಸಿರವಾರದಲ್ಲಿ ಹಂದರ ಹಾಕಿ ಕಾಯುತ್ತಿದ್ದ ಬೀಗರಿಗೆ ಕೊನೆಗೆ ತಲುಪಿದ್ದು ಲಗ್ನಪತ್ರಿಕೆ ಮಾತ್ರ. ಅದರ ಕೆಳಗೆ ಎಂಜಿನಿಯರರ ಸಹಿ! ಶೇಂಗಾ ಸುಲಿಯುತ್ತಿದ್ದವರ ಕೈ ನಿಂತುಹೋಗಿತ್ತು. ನಮ್ಮ ಜೀಪಿನ ಚಾಲಕ ಕಣ್ಣೊರೆಸಿಕೊಳ್ಳುವಷ್ಟು ನಕ್ಕ.

ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದವಿದೆ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ನಿಯಮ ಮೀರಿ ನೀರು ಕುಡಿಯುವುದರಿಂದ ಮಾನ್ವಿ, ಸಿರವಾರ, ರಾಯಚೂರಿನ ಕೊನೆಯಂಚಿನ ಹೊಲಗಳು ಒಣಗುತ್ತವೆ ಎಂಬುದು ಪ್ರತಿ ಹಂಗಾಮಿನ ಕಥೆ. ಈ ಬಗ್ಗೆ ಎಷ್ಟು ಟಿಪ್ಪಣಿಗಳನ್ನು ಓದಿದ್ದೇನೋ ಲೆಕ್ಕವಿಲ್ಲ. ಯಾವ ಟಿಪ್ಪಣಿಯಲ್ಲೂ, ಯಾರು ಯಾರನ್ನು ಕಂಡು ಸುಮ್ಮನಿದ್ದಾರೆ ಎಂಬುದು ಆ ಹಾಡಿನಷ್ಟು ನಿಚ್ಚಳವಾಗಿರಲಿಲ್ಲ. 2002ರ ನಂಜುಂಡಪ್ಪ ಸಮಿತಿಯ ವರದಿಯ ಬಗ್ಗೆ ನನಗೆ ಅಪಾರ ಗೌರವವಿದೆ. ದೇವದುರ್ಗವನ್ನು ಅದು ‘ಅತ್ಯಂತ ಹಿಂದುಳಿದ’ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ್ದು ಸರಿಯಾಗಿಯೇ ಇತ್ತು. ಆದರೆ ಸೂಚ್ಯಂಕ ಕೊರತೆಯ ಪ್ರಮಾಣವನ್ನಷ್ಟೇ ತೋರಿಸುತ್ತದೆ. ಗುಳೆ ಹೋಗುವ ಬಸ್ಸಿನಲ್ಲಿ ಕೂತವನಿಗೆ ಆ ಕೊರತೆ ಹೇಗೆ ಕಾಣುತ್ತದೆ, ಅದಕ್ಕೆ ಯಾರು ಹೊಣೆಯೆಂದು ಅವನು ಬಗೆದಿದ್ದಾನೆ ಎಂಬ ಮಾಹಿತಿ ಬೇರೆ ಕಡೆಯಿಂದಲೇ ಬರಬೇಕು. ಹಾಡು ಅದನ್ನು ಪುಕ್ಕಟೆಯಾಗಿ ಕೊಡುತ್ತಿತ್ತು. ಹೊಗಳಲೆಂದು ಹಣ ಕೊಟ್ಟ ಮೇಲೆ ಬರುವ ಹೊಗಳಿಕೆಗೆ ಮಾಹಿತಿಯ ಬೆಲೆ ಸೊನ್ನೆ. ಇದು ಅರ್ಥಶಾಸ್ತ್ರದ ಮೊದಲ ವರ್ಷದ ಪಾಠ.

ರಾಯಚೂರು ಸೀಮೆಗೆ ಈ ವಿಡಂಬನೆ ಹೊಸತಲ್ಲ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ಹುಟ್ಟಿದ ನೆಲ ಇದು; ಡಂಭವನ್ನು ಹಾಡಿನಲ್ಲೇ ಹಳಿಯುವುದನ್ನು ದಾಸರು ಕಲಿಸಿದ್ದರು. ಅತ್ತ ಶಿಶುನಾಳ ಶರೀಫರು (1819–1889) ಆ ಕಾಲಕ್ಕೆ ಅಚ್ಚರಿಯಾಗಿದ್ದ ಗಿರಣಿಯನ್ನೂ ಪದಕ್ಕೆ ಎಳೆದು ತಂದರು. ಇಲ್ಲಿನ ಹಳ್ಳಿಗಳಲ್ಲಿ ಮೊಹರಂ ಇಂದಿಗೂ ಎಲ್ಲರ ಹಬ್ಬ. ಮುಸ್ಲಿಮರ ಮನೆಯೇ ಇಲ್ಲದ ಊರಿನಲ್ಲೂ ಅಲಾಯಿ ದೇವರು ಕೂರುತ್ತವೆ. ಕರ್ಬಲಾದ ದುಃಖವನ್ನು ಹಾಡುವ ರಿವಾಯತ್ ಪದಗಳ ನಡುವೆಯೇ ಸವಾಲ್-ಜವಾಬ್ ನಡೆಯುತ್ತದೆ. ಅಲ್ಲಿ ಹತ್ತಿಯ ದರ, ಪಡಿತರ ಅಕ್ಕಿ, ಚುನಾವಣೆಯ ಹಂಚಿಕೆ, ಮೊಬೈಲು ಎಲ್ಲವೂ ನುಸುಳುತ್ತವೆ. ಹೋಳಿಯಂತೆ ಮೊಹರಮ್ಮಿನಲ್ಲೂ ಸೋಗು ಹಾಕಿದವನಿಗೆ ಗೌಡನನ್ನು ಅಣಕಿಸಲು ರಿಯಾಯಿತಿ ಇರುತ್ತದೆ. ಮರುದಿನ ಅವನು ಅದೇ ಗೌಡನ ಹೊಲಕ್ಕೆ ಕೂಲಿಗೆ ಹೋಗಬಲ್ಲ ಎಂಬುದನ್ನು ಮರೆಯಬಾರದು.

ಜಾನಪದ ಹಾಡಿದ್ದೆಲ್ಲ ಸತ್ಯ ಎಂಬ ಭಾವುಕತೆ ನನಗಿಲ್ಲ. ಓದಿದ ಹುಡುಗಿ, ಫೋನು ಹಿಡಿದ ಸೊಸೆ, ಸಂಬಳ ತರುವ ಹೆಂಡತಿ ಇವರನ್ನು ಲೇವಡಿ ಮಾಡುವ ಪದಗಳಿಗೆ ಕೊನೆಯಿಲ್ಲ. ಕೇಳಿ ಕೇಳಿ ಬೇಸರವಾಗಿದೆ. ಬಲಹೀನರನ್ನು ನೋಡಿ ನಗುವುದು ಸುಲಭ. ಈಚೆಗೆ ಉತ್ತರ ಕರ್ನಾಟಕ ಜಾನಪದ ಎಂಬ ಹೆಸರಿನಲ್ಲಿ ಯೂಟ್ಯೂಬಿನಲ್ಲಿ ಹರಿಯುತ್ತಿರುವ, ಟ್ರ್ಯಾಕ್ಟರಿನ ಧ್ವನಿಪೆಟ್ಟಿಗೆಗಳಲ್ಲಿ ಮೊಳಗುತ್ತಿರುವ ಹಾಡುಗಳಲ್ಲಿ ಬಹುಪಾಲು ಕೈಕೊಟ್ಟ ಪ್ರೇಯಸಿಯ ಮೇಲಿನ ಸಿಟ್ಟೇ. ಆ ಗಾಯಕರ ಪ್ರತಿಭೆ ದೊಡ್ಡದು, ಕೇಳುಗರ ಸಂಖ್ಯೆ ಇನ್ನೂ ದೊಡ್ಡದು. ಆದರೆ ಕಾಲುವೆಯ ಪೈಪು ಅಲ್ಲಿ ಬರುವುದು ಅಪರೂಪ. ಒಂದೆಡೆ ಮಾರುಕಟ್ಟೆ ಪ್ರೇಮವನ್ನು ಕೇಳುತ್ತದೆ, ಇನ್ನೊಂದೆಡೆ ಇಲಾಖೆ ಪ್ರಶಂಸೆಯನ್ನು ಕೇಳುತ್ತದೆ. ಹೊಟ್ಟೆಪಾಡಿನ ಕಲಾವಿದ ನಡುವೆ ನಿಂತು ಮೂರನೆಯದನ್ನು ಹಾಡಲಿ ಎಂದು ನಗರದಲ್ಲಿ ಕೂತು ಬಯಸುವುದು ನ್ಯಾಯವಲ್ಲ. ಜಾಥಾ ಮುಗಿದು ತಿಂಗಳುಗಟ್ಟಲೆ ಗೌರವಧನಕ್ಕಾಗಿ ಕಚೇರಿಗೆ ಅಲೆದ ಮೇಳಗಳನ್ನು ನಾನು ಬಲ್ಲೆ. ಬಿಲ್ಲು ಬಾಕಿ ಇರುವವನು ಬಿಲ್ಲು ಬರೆಯುವವನನ್ನು ಹೇಗೆ ಗೇಲಿ ಮಾಡಿಯಾನು?

ಆದ್ದರಿಂದ ಹೊಸ ಪ್ರಶಸ್ತಿಗಿಂತ, ಇನ್ನೊಂದು ಅಕಾಡೆಮಿಗಿಂತ ಚಿಕ್ಕದೊಂದು ಬದಲಾವಣೆ ಸಾಕು. ಯಾವುದೇ ಇಲಾಖೆ ಕಲಾ ಜಾಥಾ ಏರ್ಪಡಿಸಿದಾಗ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಕೊನೆಯ 20 ನಿಮಿಷ ಮೇಳದ ಸ್ವಂತದ್ದಾಗಿರಲಿ. ಅದರ ಸಾಹಿತ್ಯವನ್ನು ಮುಂಚಿತವಾಗಿ ಯಾರೂ ಕೇಳಕೂಡದು. ಗೌರವಧನವನ್ನು ಹಾಡುವುದಕ್ಕೆ ಮೊದಲೇ ಪಾವತಿಸಿರಬೇಕು. ಗ್ರಾಮಸಭೆಗಳಿಗೂ ಇದನ್ನು ವಿಸ್ತರಿಸಬಹುದು. ಹೇಗಿದ್ದರೂ ಅಲ್ಲಿ ಕೋರಂ ತುಂಬುವುದು ಕಷ್ಟ, ಹಾಡಿದೆ ಎಂದರೆ ಜನ ಬಂದಾರು. ತಹಶೀಲ್ದಾರರು ಮತ್ತು ನೀರಾವರಿ ಎಂಜಿನಿಯರರು ಆ 20 ನಿಮಿಷ ವೇದಿಕೆಯಿಂದ ಇಳಿದು, ಜಮಖಾನದ ಮೇಲೆ ಜನರ ನಡುವೆ ಕೂತಿರಬೇಕು. ಮಾರನೆಯ ದಿನ ತಾವು ಕೇಳಿದ್ದನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾಧಿಕಾರಿಗೆ ಕಳುಹಿಸಬೇಕು, ಹಾಡಿದವರ ಹೆಸರನ್ನು ಬಿಟ್ಟು.