ಗೃಹಾರೋಗ್ಯ: ಎಳೆಯ ಮಕ್ಕಳ ಮೇದೋಗ್ರಂಥಿ

ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವವರ ಕೈಗೇ ಮೊದಲು ಸಿಕ್ಕುವ ವ್ಯಾಧಿಗಳು ಕೆಲವುಂಟು. ಬೆನ್ನಿನಲ್ಲಿಯೋ ತೊಡೆಯಲ್ಲಿಯೋ ಕಂಕುಳಲ್ಲಿಯೋ ಮೆತ್ತನೆಯ ಗಂಟೊಂದು ತೋರುವುದು, ಒತ್ತಿದರೆ ಮಗು ಅಳದು, ಜ್ವರವೂ ಇರದು. ನೋವಿಲ್ಲವೆಂದು ಮನೆಯವರು ಸುಮ್ಮನಿರುವರು. ಅಡಕೆಯಷ್ಟಿದ್ದುದು ಕೆಲವು ತಿಂಗಳಲ್ಲಿ ನಿಂಬೆಯ ಹಣ್ಣಿನಷ್ಟಾದಾಗ ಗಾಬರಿಗೊಳ್ಳುವರು. ಇಂತಹ ಗಂಟುಗಳಲ್ಲಿ ವಿರಳವಾದ ಒಂದು ಬಗೆಯನ್ನು ಕುರಿತು ಈ ಸಲ ನಾಲ್ಕು ಮಾತು ಬರೆಯುವೆವು.

ಇದಕ್ಕೆ ವೈದ್ಯರು ಲೈಪೋಬ್ಲಾಸ್ಟೋಮ ಎನ್ನುವರು. ಕೊಬ್ಬಾಗಿ ಬಲಿಯಬೇಕಾದ ಎಳೆಯ ಜೀವಕಣಗಳು ಮಿತಿಮೀರಿ ಬೆಳೆಯುವುದೇ ಇದರ ಸ್ವರೂಪ. ಹೆಚ್ಚಾಗಿ 3 ವರ್ಷದೊಳಗಿನ ಮಕ್ಕಳಲ್ಲಿ, ಅವರಲ್ಲಿಯೂ ಗಂಡು ಕೂಸುಗಳಲ್ಲಿ ಕಾಣುವುದು. ಬಹುತೇಕ ಗಂಟುಗಳಲ್ಲಿ ಪ್ಲಾಗ್-1 ಎಂಬ ಜೀನಿನ ವ್ಯತ್ಯಾಸವು ಕಂಡುಬಂದಿದೆ; ಆದುದರಿಂದ ತಾಯಿಯ ಪಥ್ಯವನ್ನಾಗಲಿ ನೆರೆಯವರ ದೃಷ್ಟಿಯನ್ನಾಗಲಿ ದೂರುವುದು ತರವಲ್ಲ. ಇದು ಕ್ಯಾನ್ಸರಲ್ಲ, ದೂರದ ಅಂಗಗಳಿಗೆ ಹರಡದು. ಆದರೆ ಬೇಗ ಬೆಳೆದು ನರವನ್ನೋ ಉಸಿರಿನ ದಾರಿಯನ್ನೋ ಒತ್ತಬಲ್ಲುದು.

ಮುಟ್ಟಿ ನೋಡಿದ ಮಾತ್ರಕ್ಕೆ ನಿರ್ಣಯವಾಗದು. ಅಲ್ಟ್ರಾಸೌಂಡಿನಿಂದ ಗಂಟು ಗಟ್ಟಿಯೋ ನೀರು ತುಂಬಿದುದೋ ತಿಳಿಯುವುದು; ಎಂ.ಆರ್.ಐ. ಪರೀಕ್ಷೆಯಿಂದ ಅದರ ಆಳವೂ ಸುತ್ತಣ ನರನಾಳಗಳ ಸಂಬಂಧವೂ ಕಾಣುವುವು. ಕಡೆಯ ತೀರ್ಮಾನವು ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ.

ಚಿಕಿತ್ಸೆಯು ಶಸ್ತ್ರಕ್ರಿಯೆ. ಗಂಟು ಪೊರೆಯೊಳಗಿದ್ದರೆ ಇಡಿಯಾಗಿ ಬಿಡಿಸಿ ತೆಗೆಯಬಹುದು. ಸ್ನಾಯುಗಳ ನಡುವೆ ಹಬ್ಬಿದ್ದರೆ ಕೆಲಸ ಕಠಿನ, ಉಳಿದ ಅಂಶವು ಮರಳಿ ಬೆಳೆಯುವುದುಂಟು. ಸುಶ್ರುತಸಂಹಿತೆಯು ಮೇದಸ್ಸಿನಿಂದಾದ ಗ್ರಂಥಿಯನ್ನು ಬೇರೆಯಾಗಿಯೇ ವರ್ಣಿಸಿದೆ. ಅರ್ಬುದಗಳನ್ನು ಶೇಷವಿಲ್ಲದಂತೆ ತೆಗೆಯಬೇಕು, ಉಳಿದುದು ಆರದ ಬೆಂಕಿಯಂತೆ ಮತ್ತೆ ಕೆಡುಕುಮಾಡುವುದು ಎಂದೂ ಎಚ್ಚರಿಸಿದೆ. ಇಂದಿನ ಶಸ್ತ್ರವೈದ್ಯರ ನಿಯಮವೂ ಇದೇ. ಆದರೂ ಈ ಗಂಟು ಮಾರಕವಲ್ಲದ್ದರಿಂದ, ಅದನ್ನು ತೆಗೆಯುವ ಭರದಲ್ಲಿ ಮುಖ್ಯ ನರಕ್ಕೆ ಅಪಾಯ ತರಲಾಗದು.

ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಗಂಟಿಗೆ ಬರೆ ಹಾಕಿಸುವುದು, ಅದನ್ನು ಹಿಸುಕುವುದು, ಚುಚ್ಚುವುದು ಸರ್ವಥಾ ಕೂಡದು. ಕಂಡ ದಿನವನ್ನೂ ಗಾತ್ರವನ್ನೂ ಬರೆದಿಟ್ಟುಕೊಂಡು, ಮಳೆಗಾಲ ಕಳೆಯಲೆಂದು ಕಾಯದೆ, ತಾಲ್ಲೂಕಿನ ಆಸ್ಪತ್ರೆಗೆ ತೋರಿಸಿರಿ. ಮುಂದಿನ ಪರೀಕ್ಷೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯುಂಟು. ಮಕ್ಕಳ ಶಸ್ತ್ರವೈದ್ಯರೇ ಬೇಕಾದರೆ ಆಗುಂಬೆ ಘಟ್ಟವಿಳಿದು ಮಣಿಪಾಲಕ್ಕೋ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೋ ಹೋಗಬಹುದು. ಗಾಯ ಮಾಯಿತೆಂದು ಆಸ್ಪತ್ರೆಯ ಚೀಟಿಯನ್ನು ಎಸೆಯಬೇಡಿರಿ. ಕೆಲವು ವರ್ಷ ವೈದ್ಯರು ಹೇಳಿದ ದಿನಗಳಲ್ಲಿ ಮಗುವನ್ನು ತಪ್ಪದೆ ತೋರಿಸಿರಿ. ದಾರಿ ದೂರವಾದರೂ ಚಿಕಿತ್ಸೆಯ ಈ ಭಾಗವನ್ನು ಉಳಿಸಬಾರದು.