ವಲಸೆ ಹಕ್ಕಿಗಳ ಮೂರು ಫಾರ್ವರ್ಡ್: ಒಂದು ಸುಳ್ಳು, ಒಂದು ಅರ್ಧಸತ್ಯ, ಒಂದು ಅಪಾಯ

ಚಳಿಗಾಲ ಬಂತೆಂದರೆ ತುಂಗಭದ್ರಾ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಜೋಳದ ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಹಾರುತ್ತವೆ. ಸಿರುಗುಪ್ಪ, ಕುರುಗೋಡಿನ ಗದ್ದೆಯಂಚಿನಲ್ಲಿ ಬಾಲ ಕುಣಿಸುವ ಸಿಪಿಲೆಗಳು ಕಾಣುತ್ತವೆ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವುದರಿಂದ ಫೋಟೊಗಳು ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬೇಗ ತಲುಪುತ್ತವೆ. ಅವುಗಳ ಜೊತೆ ಮೂರು ಬಗೆಯ ಮಾತುಗಳೂ ಓಡಾಡುತ್ತವೆ: ‘ಕಾಲಿಗೆ ಚಿಪ್ ಕಟ್ಟಿದ ಬೇಹುಗಾರ ಹಕ್ಕಿ’, ‘ಫಾರಿನ್ ಹಕ್ಕಿಯಿಂದಲೇ ಹಕ್ಕಿ ಜ್ವರ’, ‘ಅಪರೂಪದ ಹಕ್ಕಿ ಸಿಕ್ಕಿದೆ, ಲೊಕೇಶನ್ ಕೆಳಗಿದೆ’.

ಮೊದಲನೆಯದು ಸುಳ್ಳು, ಎರಡನೆಯದು ಅರ್ಧಸತ್ಯ. ಮೂರನೆಯದು ಪೂರ್ತಿ ನಿಜವಿರಬಹುದು. ಆದರೆ ಹಕ್ಕಿಗೆ ಹೆಚ್ಚು ಕೇಡು ಮಾಡಬಲ್ಲದ್ದು ಅದೇ. ಒಂದೊಂದಾಗಿ ನೋಡೋಣ.

1. ಕಾಲಲ್ಲಿ ಉಂಗುರವಿದ್ದರೆ ಬೇಹುಗಾರ ಹಕ್ಕಿಯೇ?

ಅಲ್ಲ. ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಷ್ಟು ವರ್ಷ ಬದುಕುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ಹಾಕುವ ಗುರುತು ಅದು. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಿಂದಲೇ ಈ ಕೆಲಸ ಮಾಡುತ್ತಿದೆ. ಅದರ ಲೋಹದ ಉಂಗುರದ ಮೇಲೆ ಒಂದು ಸಂಖ್ಯೆ ಮತ್ತು ಸೊಸೈಟಿಗೆ ತಿಳಿಸಿ ಎಂಬ ಸೂಚನೆ ಇರುತ್ತದೆ. ಮಂಗೋಲಿಯಾದಲ್ಲಿ ಹೆಬ್ಬಾತುಗಳ ಕತ್ತಿಗೆ ಅಕ್ಷರ, ಅಂಕಿ ಬರೆದ ಪ್ಲಾಸ್ಟಿಕ್ ಪಟ್ಟಿ ಹಾಕುತ್ತಾರೆ. ಅಂಥ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲೂ ಕಂಡಿವೆ. ಹಿಮಾಲಯ ದಾಟುವಾಗ ಈ ಹಕ್ಕಿ 7,000 ಮೀಟರ್‌ಗಿಂತ ಎತ್ತರಕ್ಕೂ ಏರಬಲ್ಲದು ಎಂದು ಗೊತ್ತಾದದ್ದು ಬೆನ್ನಿಗೆ ಕಟ್ಟಿದ ಪುಟ್ಟ ಉಪಗ್ರಹ ಸಾಧನದಿಂದ.

ಈ ಅನುಮಾನದಿಂದ ಹಕ್ಕಿಗಳಿಗೆ ತೊಂದರೆಯಾಗಿದೆ. 2023ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಒಂದು ಪಾರಿವಾಳವನ್ನು ಚೀನಾದ ಬೇಹುಗಾರ ಎಂದು ಶಂಕಿಸಿ ಹಿಡಿದಿಟ್ಟರು. ಅದು ತೈವಾನಿನ ಪಂದ್ಯದ ಪಾರಿವಾಳ ಎಂದು ತಿಳಿದು ಬಿಡುಗಡೆಯಾಗುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. 2024ರ ನವೆಂಬರ್‌ನಲ್ಲಿ ಕಾರವಾರದಲ್ಲಿ ಟ್ರ್ಯಾಕರ್ ಹೊತ್ತ ರಣಹದ್ದು ಕಂಡಾಗಲೂ ಇದೇ ಗುಲ್ಲೆದ್ದಿತು. ಅದು ಮಹಾರಾಷ್ಟ್ರದ ತಾಡೋಬಾದಲ್ಲಿ ಸಂಶೋಧನೆಗಾಗಿ ಬಿಟ್ಟ ಹದ್ದು.

2. ವಲಸೆ ಹಕ್ಕಿಗಳು ರೋಗ ತರುತ್ತವೆಯೇ?

ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕಾಡು ಬಾತು, ಹೆಬ್ಬಾತುಗಳಲ್ಲಿ ಹಕ್ಕಿ ಜ್ವರದ ವೈರಸ್ ಇರಬಲ್ಲದು. ಆದರೆ ಫಾರಂನಿಂದ ಫಾರಂಗೆ ಅದು ಹರಡುವುದು ಹೆಚ್ಚಾಗಿ ನಮ್ಮಿಂದಲೇ: ಕೋಳಿ ಸಾಗಿಸುವ ವಾಹನ, ತೊಳೆಯದ ಮೊಟ್ಟೆ ಟ್ರೇ, ಗೊಬ್ಬರ, ಕೆಲಸದವರ ಚಪ್ಪಲಿ. 2025ರ ಆರಂಭದಲ್ಲಿ ನಮ್ಮದೇ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಕೋಳಿಗಳಿಗೆ ಹಕ್ಕಿ ಜ್ವರ ದೃಢಪಟ್ಟಿತ್ತು. ಅಂಥ ಹೊತ್ತಿನಲ್ಲಿ ಕೆರೆಯ ಹಕ್ಕಿಗಳನ್ನು ಓಡಿಸಿದರೆ ಅವು ಬೇರೆ ಕೆರೆಗೆ ಹೋಗುತ್ತವೆ, ಅಷ್ಟೇ. ಫಾರಂ ಸ್ವಚ್ಛವಾಗಿಡುವುದು, ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸುವುದು ಕೆಲಸಕ್ಕೆ ಬರುತ್ತದೆ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಲು ಭಯವಿಲ್ಲ. 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ವೈರಸ್ ಸಾಯುತ್ತದೆ. ದೂರದಿಂದ ಹಕ್ಕಿ ನೋಡುವುದರಿಂದ, ಫೋಟೊ ತೆಗೆಯುವುದರಿಂದ ರೋಗ ಬರುವುದಿಲ್ಲ.

ಹಕ್ಕಿಗಳ ಮೇಲಿನ ಈ ಅನುಮಾನ ಕರ್ನಾಟಕಕ್ಕೆ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಅದರ ವೈರಸ್ ರಷ್ಯಾ ಕಡೆಯ ಒಂದು ಜ್ವರದ ವೈರಸ್ಸನ್ನು ಹೋಲುತ್ತಿದ್ದುದರಿಂದ ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಅದನ್ನು ಪರೀಕ್ಷಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಾಲಿಂ ಅಲಿ ಮತ್ತು ತಂಡ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ಹಾಕತೊಡಗಿತು. ಹಕ್ಕಿಗಳೇ ತಂದವು ಎಂಬುದು ಸಾಬೀತಾಗಲಿಲ್ಲ. ಕಾಯಿಲೆ ಮನುಷ್ಯರಿಗೆ ಹರಡುವುದು ಕಾಡಿನ ಉಣ್ಣೆಗಳಿಂದ ಎಂಬುದು ಖಚಿತವಾಯಿತು. ಇಂದು ನಾವು ಅನುಮಾನದಿಂದ ನೋಡುವ ಉಂಗುರ, ಅಂದು ಒಂದು ಅನುಮಾನವನ್ನು ಪರೀಕ್ಷಿಸಲು ಬಳಸಿದ ಸಾಧನ.

3. ಲೊಕೇಶನ್ ಹಂಚಿದರೆ ತಪ್ಪೇನು?

ಸಾವಿರಾರು ಕಬ್ಬಕ್ಕಿಗಳು ಕೂಡುವ ಜಾಗ ಹೇಳಿದರೆ ಹೆಚ್ಚೇನೂ ಆಗದು. ಸಿರುಗುಪ್ಪದ ಎರೆ ಹೊಲಗಳಲ್ಲಿರುವ ಎರ್ಲಡ್ಡುವಿನ ಕಥೆ ಬೇರೆ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಈ ದೊಡ್ಡ ಹಕ್ಕಿ ವಿದೇಶದಿಂದ ಬಂದದ್ದಲ್ಲ, ನಮ್ಮದೇ. ದೇಶದಲ್ಲಿ ಉಳಿದಿರುವುದು 150ರ ಆಸುಪಾಸು. ಕರ್ನಾಟಕದಲ್ಲಿ ಉಳಿದ ಕೆಲವೇ ಹಕ್ಕಿಗಳಿಗೆ ಸಿರುಗುಪ್ಪವೇ ಕೊನೆಯ ಆಸರೆ.

ಇದು ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಫೋಟೊಗೆಂದು ನಾಲ್ಕು ಬೈಕು ಹೊಲಕ್ಕೆ ನುಗ್ಗಿದರೆ ತಾಯಿ ಎದ್ದು ಹೋಗುತ್ತದೆ. ಬಿಸಿಲಿಗೆ ಬಿಟ್ಟ ಮೊಟ್ಟೆಯನ್ನು ಕಾಗೆಯೋ ನಾಯಿಯೋ ಮುಗಿಸುತ್ತದೆ. ಆ ವರ್ಷದ ಸಂತಾನ ಅಲ್ಲಿಗೇ ಮುಗಿಯಬಹುದು. ಬೇಟೆಗಾರರಿಗೂ ಅದೇ ಫಾರ್ವರ್ಡ್ ದಾರಿ ತೋರಿಸಬಲ್ಲದು. ತಾಲ್ಲೂಕಿನ ಹೆಸರು ಎಲ್ಲರಿಗೂ ಗೊತ್ತಿದೆ. ಹೊಲದ ಗುರುತು ಗೊತ್ತಾಗಬಾರದು.

ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಫೋಟೊದೊಳಗೇ ಜಾಗದ ವಿವರ ಸೇರಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು?

- ಉಂಗುರ, ಪಟ್ಟಿ ಕಂಡರೆ ಹಿಡಿಯಬೇಡಿ. ಜೂಮ್ ಮಾಡಿ ಅಂಕಿ ಓದುವಂತೆ ಫೋಟೊ ತೆಗೆದು, ದಿನಾಂಕ ಮತ್ತು ಜಾಗದ ಸಮೇತ ಅರಣ್ಯ ಇಲಾಖೆಗೆ ಅಥವಾ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡು ಹಕ್ಕಿಯನ್ನು ಹಿಡಿಯುವುದೂ ಬೇಟೆಯೇ.
- ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡತೊಡಗಿದರೆ ಅಲ್ಲೇ ನಿಲ್ಲಿ. ಹಾರುವ ಫೋಟೊಗಾಗಿ ಕಲ್ಲು ಎಸೆಯಬೇಡಿ, ಡ್ರೋನ್ ಹಾರಿಸಬೇಡಿ.
- ಗೂಡು, ಮೊಟ್ಟೆ, ಮರಿಗಳ ಫೋಟೊ ಯಾವ ಗುಂಪಿಗೂ ಬೇಡ.
- ನೋಡಿದ್ದನ್ನು ದಾಖಲಿಸುವ ಆಸೆಯಿದ್ದರೆ ಇ-ಬರ್ಡ್ ಆ್ಯಪ್ ಇದೆ. ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಅದು ಉಳಿದವರಿಗೆ ತೋರಿಸುವುದಿಲ್ಲ.
- ‘ಬೇಹುಗಾರ ಹಕ್ಕಿ’ ಸಂದೇಶ ಬಂದರೆ ಮುಂದೆ ಕಳಿಸುವ ಮುನ್ನ ಕೇಳಿ: ಫೋಟೊ ಯಾವ ದಿನದ್ದು, ಉಂಗುರದ ಮೇಲೆ ಏನು ಬರೆದಿದೆ? ಉತ್ತರ ಇಲ್ಲದಿದ್ದರೆ ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.