ಆದಾಯವನ್ನು ನೋಡುವವರು ಓದುವ ಮಕ್ಕಳನ್ನೂ ಎಣಿಸಲಿ

ಒಂದು ಮನೆಯಲ್ಲಿ ಒಬ್ಬ ಮಗ ಕಾಲೇಜಿನಲ್ಲಿ ಓದುತ್ತಿದ್ದಾನೆ. ನೆರೆಮನೆಯಲ್ಲಿ ಮೂವರು ಏಕಕಾಲದಲ್ಲಿ ಓದುತ್ತಿದ್ದಾರೆ. ಎರಡೂ ಮನೆಗಳ ವಾರ್ಷಿಕ ಆದಾಯ ಐದು ಲಕ್ಷ ರೂಪಾಯಿ. ಈ ಎರಡು ಮನೆಗಳ ಸ್ಥಿತಿ ಒಂದೇ ಎಂದು ಸಂಸಾರ ತೂಗಿಸಿದ ಯಾವ ತಾಯಿಯೂ ಹೇಳಲಾರಳು. ಆದರೆ ನಮ್ಮ ವಿದ್ಯಾರ್ಥಿವೇತನದ ನಿಯಮಗಳು ಹಾಗೆಂದೇ ಹೇಳುತ್ತವೆ!

ಹನ್ನೆರಡನೆಯ ತರಗತಿಯಲ್ಲಿ ಉತ್ತಮ ಅಂಕ ಗಳಿಸಿದವರಿಗೆ ಕೇಂದ್ರ ಸರ್ಕಾರವು ಪದವಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಕುಟುಂಬದ ಆದಾಯ 4,50,000 ರೂಪಾಯಿ ಮೀರಿದರೆ ಬಾಗಿಲು ಮುಚ್ಚಿತು. ಒಳಗೆ ಓದುವವರು ಒಬ್ಬರೋ ಮೂವರೋ ಎಂದು ಕೇಳುವವರಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಪ್ರಗತಿ ಯೋಜನೆಯು ವಿದ್ಯಾರ್ಥಿನಿಯರಿಗೆ ವರ್ಷಕ್ಕೆ 50,000 ರೂಪಾಯಿ ನೀಡುತ್ತದೆ, ಶ್ಲಾಘ್ಯವಾದ ಕಾರ್ಯ. ಆದರೆ ಒಂದು ಕುಟುಂಬದಲ್ಲಿ ಇಬ್ಬರಿಗೆ ಮಾತ್ರ. ಮೂರನೆಯವಳು ಮಾಡಿದ ಅಪರಾಧವೇನು? ತಡವಾಗಿ ಹುಟ್ಟಿದ್ದೇ?

ಮಕ್ಕಳನ್ನು ಎಣಿಸುವ ಲೆಕ್ಕ ಅಸಾಧ್ಯವೆನ್ನುವಂತಿಲ್ಲ. ಅಮೆರಿಕದಲ್ಲಿ ಅದು ಬಹುಕಾಲ ನಡೆದಿತ್ತು. ತಂದೆತಾಯಿಗಳು ಭರಿಸಬಲ್ಲರೆಂದು ಗಣಿಸಿದ ಮೊತ್ತವನ್ನು, ಆ ವರ್ಷ ಕಾಲೇಜಿನಲ್ಲಿರುವ ಮಕ್ಕಳ ಸಂಖ್ಯೆಯಿಂದ ಅಲ್ಲಿನ ಕೇಂದ್ರ ಸರ್ಕಾರವು ಭಾಗಿಸುತ್ತಿತ್ತು. 2020ರಲ್ಲಿ ಅಂಗೀಕೃತವಾದ ಕಾಯಿದೆಯಂತೆ 2024-25ನೆಯ ಸಾಲಿನಿಂದ ಆ ಭಾಗಾಕಾರವನ್ನು ಕೈಬಿಡಲಾಯಿತು. ಅದರ ಲಾಭ ಉಳ್ಳವರಿಗೂ ಸಲ್ಲುತ್ತಿತ್ತೆಂಬುದು ಕೈಬಿಟ್ಟವರ ಪರವಾದ ಒಂದು ವಾದ. ಉಳ್ಳವರನ್ನು ತಡೆಯಲು ಮೇಲೊಂದು ಮಿತಿ ಹಾಕಿದರೆ ಸಾಲದೇ? ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಡುವುದು ಯಾವ ವಿವೇಕ?

ಹೆಚ್ಚು ಮಕ್ಕಳನ್ನು ಹೆತ್ತವರಿಗೆ ಬಹುಮಾನವೇಕೆ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಅವಳಿ ಮಕ್ಕಳ ತಂದೆಯನ್ನು, ವರ್ಷದ ಅಂತರದಲ್ಲಿ ಇಬ್ಬರನ್ನು ಹೆತ್ತ ತಾಯಿಯನ್ನು ಅವರು ಮರೆತಿದ್ದಾರೆ. ಅದೂ ಇರಲಿ, ಹಿರಿಯರ ತೀರ್ಮಾನಕ್ಕೆ ಮಕ್ಕಳು ದಂಡ ತೆರಬೇಕೇ? ಹಣ ಒಬ್ಬರಿಗೇ ಸಾಕಾಗುವ ಮನೆಯಲ್ಲಿ ಬಹುಮಟ್ಟಿಗೆ ಮೊದಲು ನಿಲ್ಲುವುದು ಹೆಣ್ಣುಮಗಳ ಓದು. ಆ ತೀರ್ಮಾನ ಅಡುಗೆಮನೆಯಲ್ಲಿ ಮೌನವಾಗಿ ಆಗಿಹೋಗುತ್ತದೆ. ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ.

ಕಾಲೇಜಿನಲ್ಲಿರುವ ಪ್ರತಿಯೊಂದು ಹೆಚ್ಚಿನ ಮಗುವಿಗೂ ಆದಾಯದ ಮಿತಿಯನ್ನು ಸರ್ಕಾರವು ಏರಿಸಲಿ. ಇಬ್ಬರೇ ಎಂಬ ನಿರ್ಬಂಧವನ್ನು ತೆಗೆಯಲಿ. ಅಲ್ಲಿಯವರೆಗೆ ನಾವು ಕೈಕಟ್ಟಿ ಕೂಡಬೇಕಾಗಿಲ್ಲ. ಊರೂರಿನ ದತ್ತಿಗಳಲ್ಲಿ, ಹಳೆಯ ವಿದ್ಯಾರ್ಥಿಗಳ ಸಂಘಗಳಲ್ಲಿ ಸಹಾಯಧನ ಹಂಚುವ ಅಧಿಕಾರ ನಮ್ಮವರ ಕೈಯಲ್ಲಿಯೇ ಇದೆ. “ಈ ವರ್ಷ ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವವರು ಎಷ್ಟು ಜನ?” ಎಂಬ ಒಂದು ಸಾಲನ್ನು ಅರ್ಜಿಯಲ್ಲಿ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಂಧುಗಳೇ, ನೆನಪು ಮಾಡಿಕೊಳ್ಳಿ. ಆ ಪಂಕ್ತಿಯಲ್ಲಿ ಅಣ್ಣ ಉಂಡನೆಂದು ತಮ್ಮನ ತಟ್ಟೆಯನ್ನು ಯಾರೂ ಎತ್ತಲಿಲ್ಲ. ಆ ನ್ಯಾಯ ಅನ್ನಕ್ಕೆ ಸಲ್ಲುವುದಾದರೆ ಅಕ್ಷರಕ್ಕೂ ಸಲ್ಲಬೇಕು.